ಮೊದಲ ಮೆಸೇಜಿನ ಮಂಡೆಬಿಸಿ: ಮನಸ್ಸಿಗೆ ಹಿಡಿಸಿದವರಿಗೆ ಬರೆಯುವುದು ಹೇಗೆ?

ಎದುರು ಸಿಕ್ಕಾಗ ಅರ್ಧ ಗಂಟೆ ಸಲೀಸಾಗಿ ಮಾತಾಡಿದವರಿಗೂ ಮನೆಗೆ ಬಂದು ಒಂದು ಸಾಲು ಟೈಪ್ ಮಾಡಲು ಬೆರಳು ಏಳುವುದಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡುವಾಗ ಮುಖ ಕಾಣುತ್ತದೆ, ದನಿ ಕೇಳುತ್ತದೆ, ಮಾತು ಎಡವಿದರೆ ಅಲ್ಲೇ ನಕ್ಕು ಸರಿಮಾಡಿಕೊಳ್ಳಬಹುದು. ಮೆಸೇಜಿನಲ್ಲಿ ಇದ್ಯಾವುದೂ ಇಲ್ಲ. ಓದುವವರು ಯಾವ ಮೂಡಿನಲ್ಲಿದ್ದಾರೆ, ಪಕ್ಕದಲ್ಲಿ ಯಾರು ಕೂತಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ಬರೆದದ್ದು ಮಾತ್ರ ಅವರ ಫೋನಿನಲ್ಲಿ ಹಾಗೇ ಉಳಿಯುತ್ತದೆ.

ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಆಫೀಸಿನಲ್ಲಿ ನನಗಿಂತ ಚಿಕ್ಕವರು ನನ್ನ ಮುಂದೆ ಫೋನ್ ಹಿಡಿದು "ಅಕ್ಕ, ಇದನ್ನು ಕಳಿಸಬಹುದಾ?" ಎಂದು ಕೇಳುವುದು ಹಿಂದಿನಿಂದಲೂ ಉಂಟು. ಅವರ ಡ್ರಾಫ್ಟುಗಳನ್ನು ಓದಿ ನನಗೆ ಖಾತ್ರಿಯಾದ ವಿಷಯ ಇಷ್ಟು: ಮೊದಲ ಮೆಸೇಜಿನ ತಲೆಯ ಮೇಲೆ ನಾವು ಅದು ಹೊರಲಾರದ ಭಾರ ಹೇರುತ್ತೇವೆ. ಅದು ನಮ್ಮ ಪರಿಚಯ ಹೇಳಬೇಕು, ಚುರುಕಾಗಿರಬೇಕು, ಇಷ್ಟ ಇದೆ ಎಂದು ಸೂಚಿಸಬೇಕು, ಸೂಚಿಸಿದ್ದು ಗೊತ್ತೂ ಆಗಬಾರದು. ಒಂದೇ ಸಾಲಿನಿಂದ ಇಷ್ಟೆಲ್ಲ ಆಗುವುದಿಲ್ಲ. ಮೊದಲ ಮೆಸೇಜು ಓದಿದವರಿಗೆ ಉತ್ತರಿಸಲು ಸುಲಭವಾಗಬೇಕು, ಉತ್ತರಿಸದೆ ಬಿಡಲೂ ಅಷ್ಟೇ ಸುಲಭವಾಗಬೇಕು. ಕೆಳಗಿನ ಎಲ್ಲ ಹಂತಗಳೂ ಇದೊಂದನ್ನೇ ಹಿಡಿದು ಹೊರಟವು.

ಇದು 18 ದಾಟಿದವರಿಗೆ, ಅದರಲ್ಲೂ ಒಮ್ಮೆಯಾದರೂ ಮುಖಾಮುಖಿ ಮಾತಾಡಿದ ವ್ಯಕ್ತಿಗೆ ಬರೆಯುವವರಿಗೆ ಹೇಳುತ್ತಿರುವುದು. ಒಂದು ಮಾತೂ ಆಡದೆ ದೂರದಿಂದ ನೋಡಿ ಇಷ್ಟಪಟ್ಟಿದ್ದರೆ, ಮೊದಲು ಎದುರಿನಲ್ಲಿ ಒಂದು ಮಾತು ಆಗಲಿ. ಫೋನ್ ಆಮೇಲೆ.

ಹಂತ 1: ನಂಬರ್ ಹೇಗೆ ಬಂತು?

ಏನು ಬರೆಯಬೇಕು ಎಂದು ಯೋಚಿಸುವ ಮೊದಲು ಇದಕ್ಕೆ ಉತ್ತರ ಬೇಕು. ಅವರೇ ಕೊಟ್ಟದ್ದಾದರೆ ಅರ್ಧ ಮುಜುಗರ ಅಲ್ಲಿಗೇ ಮುಗಿಯಿತು. ಆಫೀಸಿನ ಗ್ರೂಪ್, ಯಕ್ಷಗಾನ ತರಗತಿಯ ಗ್ರೂಪ್, ಚರ್ಚಿನ ಕಾಯರ್ ಗ್ರೂಪ್, ಗೆಳತಿಯ ಮದುವೆಗೆಂದು ಮಾಡಿದ ಗ್ರೂಪ್, ಇಂಥಲ್ಲಿಂದ ತೆಗೆದುಕೊಂಡಿದ್ದರೆ ಅದನ್ನು ಮೊದಲ ಮೆಸೇಜಿನಲ್ಲೇ ಹೇಳಿ. "ನಂಬರ್ ಟ್ರಿಪ್ ಗ್ರೂಪಿಂದ ತಕೊಂಡೆ" ಎಂಬ ನಾಲ್ಕು ಪದ ಸಾಕು. ಹೇಳದೆ ಬಿಟ್ಟರೆ ಅವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಅದೇ, ನೀವು ಬರೆದ ವಿಷಯ ಹಿಂದೆ ಬೀಳುತ್ತದೆ.

ಕೆಲವು ದಾರಿಗಳನ್ನು ಮುಟ್ಟಲೇಬಾರದು. ಅಂಗಡಿಯ ಬಿಲ್ ಪುಸ್ತಕ, ಕ್ಲಿನಿಕ್ಕಿನ ರಿಜಿಸ್ಟರ್, ಪಾರ್ಸೆಲ್ ಮೇಲಿನ ಚೀಟಿ, ಕಾಲೇಜಿನ ಅಡ್ಮಿಶನ್ ಫಾರ್ಮ್. ಅಲ್ಲಿ ಜನ ನಂಬರ್ ಕೊಟ್ಟದ್ದು ಬೇರೆ ಕೆಲಸಕ್ಕೆ. ಅಲ್ಲಿಂದ ಎತ್ತಿದ ನಂಬರಿಗೆ ಎಷ್ಟು ಚಂದದ ಮೆಸೇಜ್ ಕಳಿಸಿದರೂ ಓದುವವರಿಗೆ ಹೆದರಿಕೆಯೇ ಆಗುವುದು. ಅವರ ಗೆಳತಿಯನ್ನು ಪುಸಲಾಯಿಸಿ ತೆಗೆದುಕೊಳ್ಳುವುದೂ ಬೇಡ. ಗೆಳತಿಗೆ ಹೇಳುವುದಾದರೆ "ಅವಳನ್ನು ಕೇಳಿ, ಒಪ್ಪಿದರೆ ಮಾತ್ರ ಕೊಡು" ಎಂದು ಹೇಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ನಿಮ್ಮ ನಂಬರನ್ನೇ ಕೊಟ್ಟುಬಿಡುವುದು. "ನನ್ನ ನಂಬರ್ ತಕೊಳ್ಳಿ, ಬೇಕಾದ್ರೆ ಮೆಸೇಜ್ ಮಾಡಿ" ಎಂದರೆ ತೀರ್ಮಾನ ಅವರ ಕೈಯಲ್ಲಿ. ಮೆಸೇಜ್ ಬಂದರೆ ಬಂತು. ಬಾರದಿದ್ದರೆ ಯಾರಿಗೂ ಮುಖ ತಪ್ಪಿಸಿ ಓಡಾಡುವ ಗತಿ ಬರುವುದಿಲ್ಲ.

ಇನ್‌ಸ್ಟಾಗ್ರಾಮ್ ಆದರೆ ಒಂದು ವ್ಯತ್ಯಾಸ ನೆನಪಿಡಿ. ಅವರು ನಿಮ್ಮನ್ನು ಫಾಲೋ ಮಾಡದಿದ್ದರೆ ಮೆಸೇಜ್ ಸಾಮಾನ್ಯವಾಗಿ ಇನ್‌ಬಾಕ್ಸಿಗೆ ಹೋಗದೆ ರಿಕ್ವೆಸ್ಟ್ ಪಟ್ಟಿಗೆ ಹೋಗುತ್ತದೆ, ಒಪ್ಪಿಕೊಳ್ಳುವವರೆಗೆ ಓದಿದ್ದು ನಿಮಗೆ ಕಾಣುವುದಿಲ್ಲ. ಆ ಪಟ್ಟಿಯನ್ನು ತಿಂಗಳುಗಟ್ಟಲೆ ತೆರೆಯದವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಅಲ್ಲಿನ ಮೌನಕ್ಕೆ ಅರ್ಥ ಕಟ್ಟಬೇಡಿ.

ಹಂತ 2: ಯಾವ ಭಾಷೆ? ನೀವು ಅನ್ನುವುದೋ, ನೀನು ಅನ್ನುವುದೋ?

ಬೇರೆ ಊರಿನವರಿಗೆ ಇದೊಂದು ಪ್ರಶ್ನೆಯೇ ಅನ್ನಿಸದು. ನಮ್ಮ ಕರಾವಳಿಯಲ್ಲಿ ಇದು ದೊಡ್ಡ ಪ್ರಶ್ನೆ. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಕಾಲೇಜಿನಲ್ಲಿ ಕನ್ನಡ, ಆಫೀಸಿನ ಮೇಲ್ ಇಂಗ್ಲಿಷ್. ಪಕ್ಕದ ಸೀಟಿನವರ ಮನೆಮಾತು ಬ್ಯಾರಿಯೋ ಹವ್ಯಕವೋ ಕುಂದಾಪ್ರ ಕನ್ನಡವೋ. ಒಬ್ಬರ ಜೊತೆ ಮೊದಲು ಯಾವ ಭಾಷೆಯಲ್ಲಿ ಮಾತಾಡಿದೆವೋ ಆ ಭಾಷೆಯಲ್ಲೇ ಅವರ ಜೊತೆಗಿನ ಸಲುಗೆಯೂ ಬೆಳೆಯುತ್ತದೆ. ಎದುರಿಗೆ ತುಳುವಿನಲ್ಲಿ ನಕ್ಕು ಮಾತಾಡಿ, ಮೆಸೇಜಿನಲ್ಲಿ ಪಠ್ಯಪುಸ್ತಕದ ಇಂಗ್ಲಿಷ್ ಬರೆದರೆ ಓದುವವರಿಗೆ ಬೇರೆ ಯಾರೋ ಬರೆದಂತೆ ಕಾಣುತ್ತದೆ. ಆದ್ದರಿಂದ ಮುಖಾಮುಖಿ ಆಡಿದ ಭಾಷೆಯನ್ನೇ ಫೋನಿಗೂ ತನ್ನಿ.

ಅವರ ಮನೆಮಾತು ನಿಮಗೆ ಬಾರದಿದ್ದರೆ ಮೊದಲ ಮೆಸೇಜಿನಲ್ಲೇ ಅದನ್ನು ಆಡಿ ತೋರಿಸಲು ಹೋಗಬೇಡಿ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ 2024ರಿಂದ ತುಳುವೂ ಇದೆ. ಕಲಿಯುವ ಆಸೆಯಿದ್ದರೆ ಒಳ್ಳೆಯದೇ. ಆದರೆ ಯಂತ್ರ ಕೊಟ್ಟ ಸಾಲು ಊರಿನವರ ಕಿವಿಗೆ ತಕ್ಷಣ ತಿಳಿಯುತ್ತದೆ. "ನಿಮ್ಮ ತುಳು ಕೇಳ್ಲಿಕ್ಕೆ ಚಂದ, ನನಗೆ ಸ್ವಲ್ಪ ಹೇಳಿಕೊಡ್ತೀರಾ?" ಎಂದು ಕನ್ನಡದಲ್ಲೇ ಕೇಳುವುದು ಎಷ್ಟೋ ಮೇಲು, ಅದೂ ಎರಡನೇ ಮೂರನೇ ಮಾತುಕತೆಯಲ್ಲಿ.

ಲಿಪಿಯ ವಿಷಯದಲ್ಲಿ ನಾನು ಹಟ ಹಿಡಿಯುವುದಿಲ್ಲ. ಎಸ್‌ಎಂಎಸ್ ಕಾಲದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಮೆಸೇಜಿಗೆ 160 ಅಕ್ಷರ ಸಿಗುತ್ತಿತ್ತು, ಕನ್ನಡ ಅಕ್ಷರದಲ್ಲಿ ಬರೆದರೆ 70. ಎಷ್ಟೋ ಹ್ಯಾಂಡ್‌ಸೆಟ್ಟುಗಳಲ್ಲಿ ಕನ್ನಡ ಕಾಣುತ್ತಲೂ ಇರಲಿಲ್ಲ. ಹಾಗಾಗಿ ಕನ್ನಡ, ತುಳುವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಗಟ್ಟಿಯಾಯಿತು, ಇವತ್ತಿಗೂ ಹೆಚ್ಚಿನವರಿಗೆ ಅದೇ ಸಲೀಸು. ಅವರು ಗ್ರೂಪಿನಲ್ಲಿ ಹೇಗೆ ಬರೆಯುತ್ತಾರೆ ನೋಡಿ, ಹಾಗೆ ಬರೆಯಿರಿ. ಆ 160ರ ಅಳತೆಯನ್ನು ಮಾತ್ರ ಇಟ್ಟುಕೊಳ್ಳಿ. ಮೊದಲ ಮೆಸೇಜು ಅದರ ಒಂದೂವರೆ ಪಟ್ಟು ದಾಟಿದರೆ ಕತ್ತರಿ ಹಾಕುವ ಹೊತ್ತಾಯಿತೆಂದು ತಿಳಿಯಿರಿ.

ಇನ್ನು ಸಂಬೋಧನೆ. ಒಂದೇ ಕ್ಲಾಸಿನವರು, ಮೊದಲೇ ಏಕವಚನದಲ್ಲಿ ಮಾತಾಡಿದವರು ಆದರೆ "ನೀನು" ಇರಲಿ. ಉಳಿದವರಿಗೆ "ನೀವು", ತುಳುವಿನಲ್ಲಿ "ಈರ್". "ನೀನು"ಗೆ, ತುಳುವಿನ "ಈ" ಗೆ ಇಳಿಯುವ ಹೊತ್ತು ತಾನಾಗಿ ಬರುತ್ತದೆ, ಇಬ್ಬರಲ್ಲಿ ಒಬ್ಬರು ಸಹಜವಾಗಿ ಇಳಿಯುತ್ತಾರೆ. ಅವರು ಇಳಿದರೆ ನೀವೂ ಇಳಿಯಿರಿ, ನೀವಾಗಿ ಮುಂದೆ ಬೀಳಬೇಡಿ. ಮರ್ಯಾದೆಗೆಂದು "ಅಣ್ಣ", "ಅಕ್ಕ" ಸೇರಿಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಇಲ್ಲಿ ಅದನ್ನು ತಡೆದುಕೊಳ್ಳಿ. ಒಮ್ಮೆ ಅಣ್ಣ ಅಂದ ಮೇಲೆ ಆ ಮಾತಿನಿಂದ ಹೊರಗೆ ಬರುವುದು ಇಬ್ಬರಿಗೂ ಕಷ್ಟ. "ಮಾರಾಯ್ರೆ", "ಮಾರಾಯ್ತಿ", "ಹ್ವಾಯ್" ಎಲ್ಲ ಮಾತು ಬೆಚ್ಚಗಾದ ಮೇಲೆ ಬಂದರೆ ಚಂದ. ಮೊದಲ ಮೆಸೇಜಿನಲ್ಲಿ ಬಂದರೆ ಇಲ್ಲದ ಸಲುಗೆ ತೋರಿಸಿದ ಹಾಗಾಗುತ್ತದೆ.

ಹಂತ 3: ನಿಮ್ಮಿಬ್ಬರಿಗೇ ಸೇರಿದ ಒಂದು ವಿಷಯ ಹಿಡಿಯಿರಿ

ಇದೇ ಮುಖ್ಯ ಹಂತ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುವ.

ನನ್ನ ಚಿಕ್ಕಮ್ಮನ ಮಗಳ ವಿಷಯ ಹೇಳುತ್ತೇನೆ, ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸುರತ್ಕಲ್‌ನಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವಳು. ಒಂದು ಭಾನುವಾರ ಆಫೀಸಿನಿಂದ ಎಲ್ಲರೂ ಮಲ್ಪೆಗೆ ಹೋಗಿ, ಅಲ್ಲಿಂದ ಬೋಟಿನಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಟೀಮಿನ ಒಬ್ಬ ಹುಡುಗನ ಜೊತೆ ಮಾತು ಶುರುವಾಯಿತು. ಅವನು ಬ್ರಹ್ಮಾವರದವನು. ತನ್ನೂರಿನ ಒಂದು ಹೋಟೆಲಿನ ಗೋಳಿಬಜೆಯ ಬಗ್ಗೆ ಪಡುಬಿದ್ರಿ ದಾಟುವವರೆಗೂ ಹೇಳಿದನಂತೆ. ಮರುದಿನ ಸಂಜೆ ಅವಳು ನನಗೆ ತೋರಿಸಿದ ಮೊದಲ ಡ್ರಾಫ್ಟ್ ಇದು:

"ಹಾಯ್, ಯಾರಂತ ಗೊತ್ತಾಯ್ತಾ? ಗೆಸ್ ಮಾಡಿ ನೋಡುವ. ಡಿಸ್ಟರ್ಬ್ ಆಯ್ತಾ, ಸಾರಿ. ಬ್ಯುಸಿ ಇದ್ರೆ ರಿಪ್ಲೈ ಮಾಡುದು ಬೇಡ. ನಿನ್ನೆ ನಿಮ್ಮ ಹತ್ರ ಮಾತಾಡಿ ತುಂಬಾ ಖುಷಿ ಆಯ್ತು. ನಾನು ಯಾರ ಹತ್ರನೂ ಹೀಗೆ ಮಾತಾಡುದಿಲ್ಲ, ನಿಮ್ಮ ಹತ್ರ ಎಂತಕೋ ಮಾತಾಡ್ಬೇಕು ಅನ್ಸಿತು."

ಇದರಲ್ಲಿ ಸುಳ್ಳು ಒಂದೂ ಇಲ್ಲ, ಆದರೂ ಓದುವವನಿಗೆ ಪ್ರತಿ ಸಾಲಿನಲ್ಲೂ ಒಂದು ತೊಡಕು. "ಗೆಸ್ ಮಾಡಿ" ಎಂದರೆ ಅವನು ತಪ್ಪು ಹೆಸರು ಹೇಳಿಬಿಟ್ಟಾನು, ಆಗ ಮುಜುಗರ ಇಬ್ಬರಿಗೂ. "ಸಾರಿ" ಎಂದರೆ ಅವನು ಮೊದಲು ಸಮಾಧಾನ ಹೇಳಬೇಕು. "ರಿಪ್ಲೈ ಮಾಡುದು ಬೇಡ" ಎನ್ನುವ ಮಾತು ನಿಜವಾಗಿ ಬಿಡುಗಡೆ ಕೊಡುವುದಿಲ್ಲ, ಮಾಡಲೇಬೇಕೇನೋ ಎಂಬ ಹಂಗು ಹುಟ್ಟಿಸುತ್ತದೆ. ಕೊನೆಯ ಸಾಲು ಮನಸ್ಸಿನ ಮಾತು, ಅದಕ್ಕೆ ಉತ್ತರವಾಗಿ ಅವನೂ ಮನಸ್ಸಿನ ಮಾತೇ ಹೇಳಬೇಕಾಗುತ್ತದೆ. ಇಷ್ಟೆಲ್ಲ ಇದ್ದೂ ಅವನು ಹಿಡಿದು ಉತ್ತರಿಸಬಹುದಾದ ಒಂದು ಪ್ರಶ್ನೆ ಇಲ್ಲ.

ಎರಡನೇ ಡ್ರಾಫ್ಟಿನಲ್ಲಿ ಎಲ್ಲ ಅಳಿಸಿ ಬರೀ "ಹಾಯ್" ಇಟ್ಟಳು. ಸುರಕ್ಷಿತ ಅನ್ನಿಸುತ್ತದೆ, ಆದರೆ ಮಾತು ಶುರುಮಾಡುವ ಕೆಲಸವನ್ನು ಪೂರ್ತಿ ಅವನ ಮೇಲೆ ಹಾಕಿದಂತಾಯಿತು. ಅವನೂ "ಹಾಯ್" ಅಂದರೆ ಮುಂದೆ? ಆಗ ನಾನು ಅವಳನ್ನು ಕೇಳಿದೆ, "ಬಸ್ಸಲ್ಲಿ ಅವ ಹೇಳಿದ್ದರಲ್ಲಿ ನಿನಗೆ ನಿಜವಾಗಿ ಗೊತ್ತಾಗಬೇಕಾದ್ದು ಎಂತ?" ಅವಳಿಗೆ ಬಾರ್ಕೂರಿನಲ್ಲಿ ಅಜ್ಜಿಮನೆ, ಮುಂದಿನ ಭಾನುವಾರ ಅಮ್ಮನ ಜೊತೆ ಹೋಗುವವಳಿದ್ದಳು, ದಾರಿ ಬ್ರಹ್ಮಾವರದ ಮೇಲೆಯೇ. ಕಳಿಸಿದ್ದು ಇದು, ಮೊದಲಿಗೆ ಅವಳ ಹೆಸರು:

"ನಮಸ್ತೆ, ನಾನು ಸಪೋರ್ಟ್ ಟೀಮಿನವಳು, ನಿನ್ನೆ ಬಸ್ಸಲ್ಲಿ ನಿಮ್ಮ ಹಿಂದಿನ ಸೀಟು. ನಂಬರ್ ಟ್ರಿಪ್ ಗ್ರೂಪಿಂದ ತಕೊಂಡೆ. ನೀವು ಹೇಳಿದ ಗೋಳಿಬಜೆ ಹೋಟೆಲ್ ಬ್ರಹ್ಮಾವರ ಪೇಟೆ ಒಳಗಾ, ಹೈವೇ ಬದಿಯಾ? ಭಾನುವಾರ ಅಮ್ಮನ ಜೊತೆ ಬಾರ್ಕೂರಿಗೆ ಹೋಗ್ಲಿಕ್ಕುಂಟು."

ಯಾರು, ನಂಬರ್ ಎಲ್ಲಿಂದ, ಯಾವ ವಿಷಯ, ಯಾಕೆ ಕೇಳುತ್ತಿದ್ದೇನೆ, ನಾಲ್ಕೂ ಇವೆ. ಉತ್ತರ ಎರಡೇ ಪದದಲ್ಲಿ ಕೊಡಬಹುದು. ಅವನಿಗೆ ಆಸಕ್ತಿ ಇಲ್ಲದಿದ್ದರೂ "ಹೈವೇ ಬದಿ" ಎಂದು ಹೇಳಿ ಮರ್ಯಾದೆಯಿಂದ ಮಾತು ಮುಗಿಸಬಹುದು, ಮರುದಿನ ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಮಾಮೂಲಾಗಿ ನಗಬಹುದು. ಮತ್ತೊಂದು ಗುಣವಿದೆ. ಅವನು ಹೇಳಿದ್ದನ್ನು ಅವಳು ಗಮನವಿಟ್ಟು ಕೇಳಿದ್ದಳು ಎಂಬುದು ಎಲ್ಲೂ ಬಾಯಿಬಿಟ್ಟು ಹೇಳದೆ ಅವನಿಗೆ ತಲುಪುತ್ತದೆ. ನನ್ನ ಮಟ್ಟಿಗೆ ಹೊಗಳಿಕೆಗಿಂತ ಇದಕ್ಕೆ ತೂಕ ಹೆಚ್ಚು.

ನೆಪ ಹುಡುಕುವಾಗ ಒಂದು ಪರೀಕ್ಷೆ ಮಾಡಿ: ಇದನ್ನು ಗ್ರೂಪಿನಲ್ಲೇ ಕೇಳಬಹುದಿತ್ತಾ? "ನಿನ್ನೆಯ ಫೋಟೋ ಕಳಿಸ್ತೀರಾ", "ನಾಳೆ ರಜೆ ಉಂಟಾ" ಇವೆಲ್ಲ ಗ್ರೂಪಿನ ಪ್ರಶ್ನೆಗಳು. ಅವರೊಬ್ಬರೇ ಉತ್ತರಿಸಬಲ್ಲ ಪ್ರಶ್ನೆ ಬೇಕು. ಅವರು ವಾದ ಮಾಡಿದ ಕಂಬಳದ ಕೋಣ, ಅವರು ರಾತ್ರಿಯಿಡೀ ಕೂತು ನೋಡಿದ ಬಯಲಾಟ, ಅವರು ಹೊಗಳಿದ ಬನ್ಸ್, ಕ್ರೈಸ್ತರ ಮೊಂತಿ ಹಬ್ಬಕ್ಕೆ ಅವರ ಮನೆಯಲ್ಲಿ ಮಾಡುವ ಪದಾರ್ಥ, ಅವರು ಕಲಿಯುತ್ತಿರುವ ಚೆಂಡೆ. ನಿಜವಾಗಿ ತಿಳಿಯಬೇಕೆನಿಸಿದ್ದನ್ನೇ ಕೇಳಿ. ಅದಿಲ್ಲದಿದ್ದರೆ ಇನ್ನೊಮ್ಮೆ ಎದುರು ಸಿಕ್ಕಿ ಮಾತಾಡುವವರೆಗೆ ಕಾಯುವುದೇ ಸರಿ.

ಹಂತ 4: ಬೇಡವಾದದ್ದನ್ನು ತೆಗೆಯಿರಿ

"ಊಟ ಆಯ್ತಾ?", "ವಣಸ್ ಆಂಡಾ?" ನಮ್ಮೂರಿನ ಅಕ್ಕರೆಯ ಮಾತು, ಅದನ್ನು ತೆಗಳುವ ಮನಸ್ಸು ನನಗಿಲ್ಲ. ಆದರೆ ಅದು ಬಳಕೆ ಇದ್ದವರು ಕೇಳಿದರೆ ಮಾತ್ರ ಹಿತ. ಹೊಸ ನಂಬರಿನಿಂದ ಬಂದರೆ "ಆಯ್ತು" ಎನ್ನುವುದರ ಹೊರತು ದಾರಿಯಿಲ್ಲ, ಅಲ್ಲಿಗೆ ಮಾತು ನಿಂತಿತು. ಗುಡ್ ಮಾರ್ನಿಂಗ್ ಚಿತ್ರ, ಫಾರ್ವರ್ಡ್ ಜೋಕು, ಕವನದ ಸಾಲು, ಕೆಂಪು ಹೃದಯ, ಅವರ ಡಿಪಿಯ ಬಗ್ಗೆ ಮಾತು, ಎಲ್ಲ ಬಿಡಿ. ರೂಪದ ಹೊಗಳಿಕೆ ಮೊದಲ ಮೆಸೇಜಿನಲ್ಲಿ ಬೇಡವೇ ಬೇಡ. ಹುಡುಗಿಯರಿಗೆ ಅಪರಿಚಿತರಿಂದ ಅಂಥ ಮೆಸೇಜ್ ಎಷ್ಟು ಬರುತ್ತದೆಂದರೆ, ನಿಮ್ಮದೂ ಅದೇ ರಾಶಿಗೆ ಸೇರುತ್ತದೆ. ವಾಯ್ಸ್ ಮೆಸೇಜೂ ಸದ್ಯಕ್ಕೆ ಬೇಡ, ಅದನ್ನು ಕೇಳಲು ಅವರು ಇಯರ್‌ಫೋನ್ ಹುಡುಕಬೇಕು.

ನೇರ ಕಾಲ್ ಅಂತೂ ಬೇಡ.

ಹಂತ 5: ಹೊತ್ತು ನೋಡಿ, ಮನೆಯನ್ನೂ ನೋಡಿ

ಸಂಜೆ ಕೆಲಸ ಮುಗಿದು ಮನೆ ಸೇರಿದ ಮೇಲೆ, ಊಟಕ್ಕೆ ಮುಂಚೆ, ಸುಮಾರು ಏಳರಿಂದ ಎಂಟೂವರೆ ಒಳ್ಳೆಯ ಹೊತ್ತು. ರಾತ್ರಿ ಹತ್ತರ ಮೇಲೆ ಹೊಸ ನಂಬರಿನಿಂದ ಬಂದ ಮೆಸೇಜಿಗೆ, ಒಳಗೆ ಏನೇ ಬರೆದಿರಲಿ, ಬೇರೆಯೇ ಅರ್ಥ ಬರುತ್ತದೆ. ಪರೀಕ್ಷೆಯ ಹಿಂದಿನ ದಿನ, ಅವರ ಮನೆಯಲ್ಲಿ ಕಾಯಿಲೆ, ಸಾವು ಇದ್ದಾಗ ಕಳಿಸುವ ಮಾತೇ ಇಲ್ಲ.

ಹೊತ್ತಿಗಿಂತ ಮುಖ್ಯವಾದದ್ದು ಒಂದಿದೆ. ನಮ್ಮ ಮನೆಗಳಲ್ಲಿ ಫೋನ್ ಊಟದ ಮೇಜಿನ ಮೇಲೋ ಟಿವಿ ಪಕ್ಕದಲ್ಲೋ ಬಿದ್ದಿರುತ್ತದೆ, ಬಂದ ಮೆಸೇಜಿನ ಮೊದಲ ಸಾಲು ಲಾಕ್ ಸ್ಕ್ರೀನಿನ ಮೇಲೆ ಮೂಡುತ್ತದೆ. ಅದನ್ನು ಮೊದಲು ಓದುವವರು ಅವಳ ಅಮ್ಮನೋ ಅವನ ತಂಗಿಯೋ ಆಗಿರಬಹುದು. "ಯಾರದು?" ಎಂದು ಕೇಳಿದರೆ ಅವರು ಸಂಕೋಚವಿಲ್ಲದೆ "ಆಫೀಸಿನವರು, ಹೋಟೆಲ್ ಎಲ್ಲಿ ಅಂತ ಕೇಳ್ತಿದ್ದಾರೆ" ಅನ್ನುವಂತಿರಬೇಕು. ಮಂಗಳೂರು ಉಡುಪಿ ಎಷ್ಟು ಬೆಳೆದರೂ "ಯಾರ ಮಗ, ಯಾವ ಮನೆ" ಎಂದು ಕೇಳಿ ಹತ್ತು ನಿಮಿಷದಲ್ಲಿ ಸಂಬಂಧ ಹಚ್ಚುವ ಊರುಗಳು. ಜಾತಿ, ಧರ್ಮ ಬೇರೆಯಾಗಿದ್ದರಂತೂ ಒಂದು ಸಾಲಿನ ಮೆಸೇಜಿಗೂ ಮನೆಯಲ್ಲಿ ಬೊಬ್ಬೆ ಏಳಬಹುದು, ಆ ಬೊಬ್ಬೆಯನ್ನು ಹೆಚ್ಚಾಗಿ ಹುಡುಗಿಯೇ ಎದುರಿಸಬೇಕಾಗುತ್ತದೆ. ಅವರ ನೆಮ್ಮದಿ ನಿಮ್ಮ ಕೈಯಲ್ಲೂ ಇದೆ ಎಂದು ತಿಳಿದು ಬರೆಯಿರಿ.

ಹಂತ 6: ಕಳಿಸುವುದು

ಚಾಟ್ ತೆರೆದು ಅಲ್ಲೇ ಬರೆದು ಅಳಿಸಿ ಬರೆದು ಮಾಡಬೇಡಿ. ಆ ಹೊತ್ತಿಗೆ ಅವರೂ ಅದೇ ಚಾಟ್ ತೆರೆದಿದ್ದರೆ "ಟೈಪಿಂಗ್" ಎಂದು ಕಾಣುತ್ತಿರುತ್ತದೆ, ಅದೂ ಅಲ್ಲದೆ ಅರ್ಧದಲ್ಲಿ ಬೆರಳು ತಾಗಿ ಹೋಗಿಬಿಡುವ ಭಯ. ನೋಟ್ಸಿನಲ್ಲಿ ಬರೆದು, ಒಮ್ಮೆ ಮೆಲ್ಲಗೆ ದನಿ ತೆಗೆದು ಓದಿ. ಬಾಯಲ್ಲಿ ಆಡುವ ಮಾತಿನಂತೆ ಕೇಳದಿದ್ದರೆ ತಿದ್ದಿ. ಹೆಸರು ಸರಿ ಇದೆಯಾ, ಚಾಟ್ ಸರಿಯಾದದ್ದಾ, ಗ್ರೂಪ್ ಅಲ್ಲವಷ್ಟೇ, ನೋಡಿ. ನಿಮ್ಮ ಡಿಪಿಯಲ್ಲಿ ಮುಖ ಕಾಣಲಿ. ಹೂವಿನ ಚಿತ್ರವೋ ಬೈಕಿನ ಚಿತ್ರವೋ ಇದ್ದರೆ ಅವರಿಗೆ ನೀವು ಯಾರೆಂದು ಗುರುತು ಹಚ್ಚುವ ಆಧಾರವೇ ಇಲ್ಲ. ಸೇವ್ ಆಗದ ನಂಬರಿನಿಂದ ಮೆಸೇಜ್ ಹೋದರೆ ಬ್ಲಾಕ್, ರಿಪೋರ್ಟ್ ಎಂಬ ಆಯ್ಕೆಗಳೂ ಅವರ ಕಣ್ಣಿಗೆ ಬೀಳುತ್ತವೆ. ಮೊದಲ ಸಾಲಿನಲ್ಲೇ ಪರಿಚಯ ಇರಬೇಕೆಂದದ್ದು ಅದಕ್ಕೇ.

ಕಳಿಸಿದ ಮೇಲೆ ಅಕ್ಷರ ತಪ್ಪು ಕಂಡರೆ ವಾಟ್ಸಾಪಿನಲ್ಲಿ 15 ನಿಮಿಷದೊಳಗೆ ತಿದ್ದಬಹುದು, ಈ ಸೌಲಭ್ಯ 2023ರಲ್ಲಿ ಬಂತು. ಸಣ್ಣ ತಪ್ಪಾದರೆ ತಿದ್ದದೇ ಬಿಟ್ಟರೂ ನಡೆಯುತ್ತದೆ. ಡಿಲೀಟ್ ಮಾತ್ರ ಮಾಡಬೇಡಿ. ಡಿಲೀಟ್ ಮಾಡಿದ ಗುರುತು ಚಾಟಿನಲ್ಲಿ ಉಳಿಯುತ್ತದೆ, ಅಳಿಸಿದ್ದು ಏನಿರಬಹುದು ಎಂದು ಅವರು ಊಹಿಸುವುದು ನೀವು ನಿಜಕ್ಕೂ ಬರೆದದ್ದಕ್ಕಿಂತ ದೊಡ್ಡದಾಗಿರುತ್ತದೆ.

ಹಂತ 7: ಟಿಕ್ ನೋಡುತ್ತಾ ಕೂರುವ ಆ ಹೊತ್ತು

ಎಲ್ಲರಿಗೂ ಕಷ್ಟವಾಗುವುದು ಇಲ್ಲೇ. ಆದ್ದರಿಂದ ಟಿಕ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಸರಿಯಾಗಿ ತಿಳಿದಿರಲಿ.

ಒಂದು ಬೂದು ಟಿಕ್: ನಿಮ್ಮ ಫೋನಿನಿಂದ ಹೊರಟಿದೆ, ಅವರದ್ದಕ್ಕೆ ಇನ್ನೂ ಮುಟ್ಟಿಲ್ಲ. ಫೋನ್ ಆಫ್, ಡೇಟಾ ಆಫ್, ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಘಾಟಿ ಇಳಿಯುತ್ತಿದ್ದಾರೆ, ಮಳೆಗೆ ಕರೆಂಟ್ ಹೋಗಿ ಚಾರ್ಜ್ ಇಲ್ಲ, ಯಾವುದೂ ಆಗಿರಬಹುದು. ಬ್ಲಾಕ್ ಮಾಡಿದರೂ ಒಂದೇ ಟಿಕ್ ಇರುತ್ತದೆ, ಆದರೆ ಒಂದೇ ಟಿಕ್ ಇದ್ದ ಮಾತ್ರಕ್ಕೆ ಬ್ಲಾಕ್ ಆಗಿದೆ ಎನ್ನಲಾಗದು. ಎರಡು ಬೂದು ಟಿಕ್: ಫೋನಿಗೆ ಮುಟ್ಟಿದೆ. ಎರಡು ನೀಲಿ: ಚಾಟ್ ತೆರೆದಿದ್ದಾರೆ. ನೀಲಿ ಟಿಕ್ ಬಂದದ್ದು 2014ರಲ್ಲಿ, ಅದನ್ನು ಆಫ್ ಮಾಡಿಟ್ಟವರು ಓದಿದರೂ ನೀಲಿ ಆಗದು. ನೋಟಿಫಿಕೇಶನ್ನಿನಲ್ಲೇ ಪೂರ್ತಿ ಓದಿ ಚಾಟ್ ತೆರೆಯದವರೂ ಇದ್ದಾರೆ. 2022ರಿಂದ ಆನ್‌ಲೈನ್ ಇರುವುದನ್ನೂ ಮುಚ್ಚಿಡಬಹುದು.

ಅಂದರೆ ಟಿಕ್ಕಿನಿಂದ ಫೋನಿನ ಸುದ್ದಿ ಗೊತ್ತಾಗುತ್ತದೆ, ಮನಸ್ಸಿನದ್ದು ಗೊತ್ತಾಗುವುದಿಲ್ಲ. ನೀಲಿ ಆಗಿ ಮೂರು ಗಂಟೆ ಉತ್ತರ ಬಾರದಿದ್ದರೆ ಅವರು ಬಸ್ಸಿನಲ್ಲಿ ಓದಿ, ಇಳಿಯುವ ಸ್ಟಾಪ್ ಬಂದು, ಮನೆಯಲ್ಲಿ ಬಟ್ಟೆ ಒಳಗೆ ತಂದು, ಮರೆತಿರಬಹುದು. ನಾವೇ ಎಷ್ಟು ಸಲ ಹಾಗೆ ಮಾಡಿಲ್ಲ? ಕಳಿಸಿದ ಕೂಡಲೇ ಫೋನ್ ಬೇರೆ ಕೋಣೆಯಲ್ಲಿಟ್ಟು ಕೈ ತುಂಬುವ ಕೆಲಸಕ್ಕೆ ಹೋಗಿ. ನೀರ್ ದೋಸೆಗೆ ಅಕ್ಕಿ ಕಡೆಯಿರಿ, ಶಟ್ಲ್ ಆಡಲು ಹೋಗಿ. ಲಾಸ್ಟ್ ಸೀನ್ ನೋಡುತ್ತಾ ಕೂತರೆ ಇಲ್ಲದ ಕಥೆಗಳೆಲ್ಲ ತಲೆಯಲ್ಲಿ ಹುಟ್ಟುತ್ತವೆ.

ಹಂತ 8: ಉತ್ತರ ಬಂದರೆ

ಚಿಕ್ಕಮ್ಮನ ಮಗಳಿಗೆ ಬಂದ ಉತ್ತರ: "ಹೈವೇ ಬದಿಯೇ. ನಾಲ್ಕೂವರೆ ಒಳಗೆ ಹೋಗಿ ಆಯ್ತಾ, ಆಮೇಲೆ ಹೋದ್ರೆ ಖಾಲಿ ಆಗಿರ್ತದೆ. ಬಾರ್ಕೂರಲ್ಲಿ ಎಂತ?"

ಇಲ್ಲಿ ನೋಡಬೇಕಾದ್ದು ಕೊನೆಯ ಎರಡು ಪದ. ಕೇಳಿದ್ದಕ್ಕೆ ಉತ್ತರ ಕೊಟ್ಟು ಅವನು ನಿಲ್ಲಿಸಬಹುದಿತ್ತು, ನಿಲ್ಲಿಸದೆ ತಾನೂ ಒಂದು ಪ್ರಶ್ನೆ ಕೇಳಿದ. ಮಾತು ಮುಂದುವರಿಯಲಿ ಎಂಬ ಇಷ್ಟ ತಿಳಿಯುವುದು ಹೀಗೆ, ಇಮೋಜಿ ಎಣಿಸಿ ತಿಳಿಯುವಂಥದ್ದಲ್ಲ. ಅವಳು ಬರೆದಳು: "ಅಜ್ಜಿಮನೆ. ಥ್ಯಾಂಕ್ಸ್, ತಿಂದು ಹೇಗುಂಟು ಹೇಳ್ತೇನೆ." ಅಷ್ಟಕ್ಕೇ ಬಿಟ್ಟಳು. ಭಾನುವಾರ ಬಾಳೆಲೆಯ ಮೇಲಿನ ಗೋಳಿಬಜೆಯ ಫೋಟೋ ಹೋಯಿತು, ಮಾತು ತಾನಾಗಿ ಮುಂದುವರಿಯಿತು.

ಮೊದಲ ದಿನವೇ ರಾತ್ರಿ ಒಂದರವರೆಗೆ ಚಾಟ್ ಎಳೆಯುವ ಆಸೆ ಬರುತ್ತದೆ, ತಡೆಯಿರಿ. ಮಾತು ಚೆನ್ನಾಗಿ ನಡೆಯುತ್ತಿರುವಾಗಲೇ ನೀವೇ ಮುಗಿಸಿ, ಮುಂದಿನ ಮಾತಿಗೆ ಒಂದು ಎಳೆ ಉಳಿಸಿ. ಅವರು ಎರಡು ಸಾಲು ಬರೆದರೆ ನೀವೂ ಎರಡು ಮೂರು ಸಾಲು. ಉತ್ತರ ಬೇಗ ಬಂದರೆ ಬೇಗ ಕೊಡಿ, ಬೇಕೆಂದೇ ಕಾಯಿಸುವ ಆಟ ಆಡಬೇಡಿ. ಇಷ್ಟವಾದವರನ್ನು ಕಾಯಿಸಿ ಸಿಗುವ ಲಾಭ ನನಗಂತೂ ಕಂಡಿಲ್ಲ.

ಕೆಲವು ದಿನ ಇಬ್ಬರೂ ಸಮಸಮವಾಗಿ ಮಾತಾಡಿದ ಮೇಲೆ ಮೆಸೇಜಿನಿಂದ ಹೊರಗೆ ಬನ್ನಿ. ಭೇಟಿಗೆ ಕರೆಯುವಾಗಲೂ ಅದೇ ಸೂತ್ರ, ಬೇಡ ಅನ್ನಲು ಸುಲಭವಾಗಿರಬೇಕು. "ಶನಿವಾರ ಸಂಜೆ ಕದ್ರಿ ಪಾರ್ಕ್ ಕಡೆ ಬರ್ಲಿಕ್ಕುಂಟು, ನೀವು ಫ್ರೀ ಇದ್ರೆ ಒಂದು ಗಡ್‌ಬಡ್ ಐಸ್‌ಕ್ರೀಮ್ ತಿನ್ನುವನಾ? ಆಗದಿದ್ರೆ ಇನ್ನೊಮ್ಮೆ." ಬೆಳಕಿರುವ ಹೊತ್ತು, ಜನ ಓಡಾಡುವ ಜಾಗ, ಅವರಿಗೆ ಬಸ್ ಸಿಗುವ ಕಡೆ. ಉಡುಪಿಯವರಾದರೆ ರಥಬೀದಿಯ ಸುತ್ತಮುತ್ತ, ಮಲ್ಪೆ ಬೀಚು, ಮಣಿಪಾಲದ ಮಣ್ಣಪಳ್ಳ ಕೆರೆದಂಡೆ. ಜಾಗ ಆರಿಸಲು ಅವರಿಗೇ ಬಿಡಿ, ಯಾಕೆಂದರೆ ಎಲ್ಲಿ ಯಾವ ಪರಿಚಯದವರು ಸಿಗುತ್ತಾರೆ ಎಂಬ ಲೆಕ್ಕ ಅವರಿಗೇ ಗೊತ್ತು. ಗೆಳತಿಯನ್ನು ಕರೆತರುತ್ತೇನೆ ಎಂದರೆ ಖುಷಿಯಿಂದ ಒಪ್ಪಿ.

ಕರಾವಳಿಯಲ್ಲಿ ಹುಡುಗ ಹುಡುಗಿ ಜೊತೆಗೆ ಕೂತದ್ದಕ್ಕೇ ತಡೆದು ಪ್ರಶ್ನಿಸುವವರಿದ್ದಾರೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಯುವತಿಯರ ಮೇಲೆ ಕೈ ಮಾಡಿದ್ದನ್ನು ದೇಶವೇ ನೋಡಿತು. ಇದು ತಪ್ಪು, ಕಾನೂನಿಗೂ ವಿರುದ್ಧ. ಹೆದರಿ ಭೇಟಿಯನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ. ಯಾರಾದರೂ ಅಡ್ಡ ಬಂದರೆ ವಾದಕ್ಕೆ ನಿಲ್ಲದೆ ಜನರಿರುವ ಕಡೆ ಬಂದು 112ಕ್ಕೆ ಕರೆ ಮಾಡಬೇಕು, ಇದು ಇಬ್ಬರಿಗೂ ಮೊದಲೇ ಗೊತ್ತಿರಲಿ.

ಹಂತ 9: ಉತ್ತರ ಬಾರದಿದ್ದರೆ

ಒಂದು ವಾರ ಬಿಡಿ. ಅಷ್ಟರಲ್ಲಿ ನಿಜವಾಗಿ ಹೊಸ ವಿಷಯ ಇದ್ದರೆ ಇನ್ನೊಂದೇ ಒಂದು ಮೆಸೇಜ್ ಕಳಿಸಬಹುದು, ಮೊದಲನೆಯದರ ಸುದ್ದಿ ಎತ್ತದೆ. "ರಿಪ್ಲೈ ಯಾಕೆ ಮಾಡಿಲ್ಲ", "??", "ನೋಡಿದ್ರಲ್ಲ" ಇವು ಯಾವುವೂ ಬೇಡ. ಅದಕ್ಕೂ ಉತ್ತರ ಇಲ್ಲದಿದ್ದರೆ ಅದೇ ಉತ್ತರ, ಅಲ್ಲಿಗೆ ನಿಲ್ಲಿಸಿ. ದಿನಗಟ್ಟಲೆ "ಹ್ಮ್", "ಓಕೆ", ಹೆಬ್ಬೆರಳು ಮಾತ್ರ ಬರುತ್ತಿದ್ದರೂ ಹಾಗೆಯೇ. ನಮ್ಮೂರಿನವರು ದಾಕ್ಷಿಣ್ಯಕ್ಕೆ "ಬೇಡ" ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ, ಹೀಗೆಯೇ ಹೇಳುವುದು.

ಬೇರೆ ನಂಬರಿನಿಂದ ಕಳಿಸುವುದು, ಇನ್‌ಸ್ಟಾದಲ್ಲಿ ಹಿಂದೆ ಬೀಳುವುದು, ಅವರ ಗೆಳತಿಯರಿಂದ ಒತ್ತಡ ಹಾಕಿಸುವುದು, ಬಸ್ ಸ್ಟಾಪಿನಲ್ಲಿ ಕಾಯುವುದು ಪ್ರೀತಿಯ ಲಕ್ಷಣ ಅಲ್ಲ, ಅಪರಾಧದ ದಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಮಹಿಳೆ ಆಸಕ್ತಿ ಇಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷ ಮತ್ತೆ ಮತ್ತೆ ಸಂಪರ್ಕಿಸಲು ನೋಡುವುದು, ಆಕೆಯ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಶಿಕ್ಷಾರ್ಹ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಹುಡುಗ ಬೇಡ ಎಂದಾಗ ಹುಡುಗಿಯರೂ ಅಷ್ಟೇ ಖಡಾಖಂಡಿತವಾಗಿ ನಿಲ್ಲಿಸಬೇಕು.

ಚಾಟಿನ ಸ್ಕ್ರೀನ್‌ಶಾಟ್ ಗೆಳೆಯರ ಗ್ರೂಪಿಗೆ ಹಾಕಬೇಡಿ, ಉತ್ತರ ಬಂದಿರಲಿ ಬಾರದಿರಲಿ. ಅಲ್ಲಿಂದ ಅದು ಅವಳ ಅಣ್ಣನ ಫೋನಿಗೆ ಹೋಗಲು ಎರಡು ಫಾರ್ವರ್ಡ್ ಸಾಕು.

ಹಂತ 10: ಮನಸ್ಸಿನ ಮಾತು ಹೇಳುವ ಹೊತ್ತು

ಆಗಿ ಬಂದರೆ ಎದುರಿಗೆ ಹೇಳಿ. ದೂರದಲ್ಲಿದ್ದರೆ, ಒಬ್ಬರು ಮಂಗಳೂರಿನಲ್ಲಿ ಇನ್ನೊಬ್ಬರು ದುಬೈಯಲ್ಲಿ ಇದ್ದರೆ, ಮೊದಲು "ಮಾತಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿ ಕರೆ ಮಾಡಿ. ಬರೆದೇ ಹೇಳಬೇಕಾದರೆ ಸುತ್ತು ಹಾಕದೆ ಬರೆಯಿರಿ: "ನಿಮ್ಮ ಜೊತೆ ಮಾತಾಡುದು ನನಗೆ ತುಂಬಾ ಇಷ್ಟ ಆಗ್ತದೆ, ಸ್ನೇಹಕ್ಕಿಂತ ಸ್ವಲ್ಪ ಹೆಚ್ಚೇ. ನಿಮಗೆ ಹಾಗೆ ಇಲ್ಲದಿದ್ರೆ ಹೇಳಿ, ನಾನು ಬೇಜಾರು ಮಾಡುದಿಲ್ಲ. ಯೋಚಿಸಿ ನಿಧಾನಕ್ಕೆ ಹೇಳಿ." ಬರೆದ ಮೇಲೆ ನಿಧಾನಕ್ಕೆ ಎಂಬ ಮಾತಿಗೆ ನಿಲ್ಲಬೇಕು.

ಬೇಡ ಎಂದರೆ ಕಾರಣ ಕೇಳಬೇಡಿ. "ಸರಿ, ನೇರ ಹೇಳಿದ್ದಕ್ಕೆ ಥ್ಯಾಂಕ್ಸ್. ಸೋಮವಾರ ಸಿಗುವ" ಎಂದು ಬರೆದು, ಸೋಮವಾರ ಎದುರಾದಾಗ ಎಂದಿನಂತೆ ಮಾತಾಡಿಸಿ. ಗ್ರೂಪ್ ಬಿಟ್ಟು ಹೋಗಬೇಡಿ, ಅವರನ್ನು ಬ್ಲಾಕ್ ಮಾಡಬೇಡಿ, ಸ್ಟೇಟಸ್ಸಿಗೆ ದುಃಖದ ಹಾಡು ಹಾಕಬೇಡಿ, ಅವು ಕಾಣುವುದು ಅವರಿಗೇ. ಬಸ್ಸು ಒಂದೇ, ಆಫೀಸ್ ಒಂದೇ ಆದರೆ ಮೊದಲ ಕೆಲವು ದಿನ ಕಷ್ಟವಾಗುತ್ತದೆ. ಬೇಕಿದ್ದರೆ ಒಂದು ಬಸ್ ಮುಂಚೆ ಹೊರಡಿ, ಚಾಟನ್ನು ಆರ್ಕೈವ್ ಮಾಡಿ ಕಣ್ಣಿಗೆ ಬೀಳದಂತಿಡಿ, ನಂಬಿಕೆಯ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ ಅತ್ತುಬಿಡಿ.